ಅರ್ಧ ಸಾಹೇಬರು ಕಾರು ನಿಲ್ಲಿಸಿದ ದಿನ

ಕಾರ್ಖಾನೆಯ ಮ್ಯಾನೇಜರಿಗೆ ಒಂದು ಕಾರಿತ್ತು, ಆ ಕಾರಿಗೆ ಒಬ್ಬ ಡ್ರೈವರ್ ಇದ್ದ. ಊರಿನವರಿಗೆ ಗೊತ್ತಿದ್ದದ್ದು ಇಷ್ಟೇ. ಆದರೆ ಡ್ರೈವರನನ್ನು ಕೇಳಿದರೆ ಕಾರ್ಖಾನೆ ನಡೆಸುತ್ತಿದ್ದವರು ಇಬ್ಬರು: ಹಿಂದಿನ ಸೀಟಿನಲ್ಲಿ ಮ್ಯಾನೇಜರು, ಮುಂದಿನ ಸೀಟಿನಲ್ಲಿ ತಾನು. ಅವರು ಮಾತಾಡುತ್ತಾರೆ, ತಾನು ಗೇರು ಬದಲಾಯಿಸುತ್ತೇನೆ, ಒಟ್ಟಿನಲ್ಲಿ ಕೆಲಸ ಮುಂದಕ್ಕೆ ಹೋಗುತ್ತದೆ ಎಂಬುದು ಅವನ ಭಾವನೆ.

ಹೀಗಾಗಿ ಅವನ ಬಾಯಲ್ಲಿ 'ನಾನು' ಎಂಬ ಮಾತು ಎಂದೋ ಸತ್ತುಹೋಗಿತ್ತು. ಏನಿದ್ದರೂ 'ನಾವು'.

"ಈ ಸಲ ಉತ್ಪಾದನೆ ಸ್ವಲ್ಪ ಜಾಸ್ತಿ ಮಾಡೋಣ ಅಂತಿದ್ದೀವಿ," ಎಂದು ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು, ಕೆನ್ನೆಯ ತುಂಬ ನೊರೆ ಹಚ್ಚಿಸಿಕೊಂಡು ಹೇಳುತ್ತಿದ್ದ.

"ಯಾರು, ನೀವು ಮತ್ತೆ ಇನ್ಯಾರು?" ಎಂದು ಕ್ಷೌರಿಕ ಕತ್ತಿ ಮಸೆಯುತ್ತ ಕೇಳಿದರೆ, "ನಾವು ಅಂದ್ರೆ ನಾವೇ ಕಣಯ್ಯಾ. ಆಡಳಿತ," ಎಂಬ ಉತ್ತರ ನೊರೆಯೊಳಗಿನಿಂದ ಬರುತ್ತಿತ್ತು.

ಅವನಿಗೆ 'ಅರ್ಧ ಸಾಹೇಬ' ಎಂದು ಹೆಸರಿಟ್ಟವನು ಹೊರಗಿನವನಲ್ಲ, ಮನೆಯಲ್ಲೇ ಉಣ್ಣುತ್ತಿದ್ದ ಭಾವಮೈದ. "ಪೂರ್ತಿ ಸಾಹೇಬರು ಹಿಂದೆ ಕೂತ್ಕೊಂಡು ಹೋಗ್ತಾರೆ, ಅರ್ಧ ಸಾಹೇಬರು ಅವರನ್ನ ಹೊತ್ಕೊಂಡು ಹೋಗ್ತಾರೆ," ಎಂದು ಅವನು ಅಂದದ್ದೇ ತಡ, ಊರೆಲ್ಲ ಆ ಹೆಸರನ್ನು ಬಾಯಿಪಾಠ ಮಾಡಿತು. ಬೇರೆಯವನಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದ. ಇವನು ಖುಷಿಪಟ್ಟ. "ಅರ್ಧ ಅಂದ್ರೆ ಕಡಿಮೆ ಆಯ್ತೇನೋ? ಈ ಊರಲ್ಲಿ ಕಾಲು ಸಾಹೇಬ ಆದೋನು ಇನ್ನೊಬ್ಬ ಇದ್ರೆ ತೋರ್ಸು ನೋಡೋಣ!" ಎಂದ. ಇಷ್ಟು ಆಸೆಪಟ್ಟು ಹೆಸರನ್ನು ಹೊತ್ತುಕೊಂಡವರನ್ನು ನಾವೂ ಏಕವಚನದಲ್ಲಿ ಕರೆಯುವುದು ಸರಿಯಲ್ಲ. ಅರ್ಧ ಸಾಹೇಬರು ಎಂದೇ ಅನ್ನೋಣ.

ಅರ್ಧ ಸಾಹೇಬರು ಮೊದಲು ಅದೇ ಕಾರ್ಖಾನೆಯ ಪೀಪಾಯಿಗಳನ್ನು ಸಾಗಿಸುವ ಲಾರಿ ಓಡಿಸುತ್ತಿದ್ದರು. ಕಾರಿಗೆ ಬಡ್ತಿ ಸಿಕ್ಕಿದ್ದು ಜಾಣತನದಿಂದಲೂ ಅಲ್ಲ, ಶಿಫಾರಸಿನಿಂದಲೂ ಅಲ್ಲ. ಕಾರ್ಖಾನೆಯ ಗಾಳಿ ಕುಡಿದು ಆ ಊರಿನಲ್ಲಿ ಹತ್ತು ಜನ ಸೇರಿದರೆ ಎಂಟು ಜನ ಕೆಮ್ಮುತ್ತಿದ್ದರು. ಹಳೆಯ ಡ್ರೈವರನೂ ಕೆಮ್ಮುತ್ತಿದ್ದ. ಮ್ಯಾನೇಜರು ಆ ಗಾಳಿ ತಾಕದ ಗುಡ್ಡದ ಮೇಲಿನ ಬಂಗಲೆಯಲ್ಲಿದ್ದವರು, ಅವರಿಗೆ ಕೆಮ್ಮು ಕೇಳಿದರೆ ಮೈಮೇಲೆ ಹುಳು ಹರಿದಂತಾಗುತ್ತಿತ್ತು. ಲಾರಿ ಡ್ರೈವರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದರು. ಒಂದು ಸುತ್ತು ಪೂರ್ತಿ ಕೆಮ್ಮದೆ ಬಂದವರು ಇವರೊಬ್ಬರೇ. ಗಂಟಲು ಕೆರೆಯುತ್ತಿತ್ತಂತೆ, ಕಣ್ಣಲ್ಲಿ ನೀರು ಬಂದಿತ್ತಂತೆ, ಆದರೂ ಉಗುಳು ನುಂಗಿಕೊಂಡು ಕೂತಿದ್ದರಂತೆ. ದೊಡ್ಡವರ ಸಹವಾಸಕ್ಕೆ ಬೇಕಾದ ಮುಖ್ಯ ವಿದ್ಯೆ ಅದೇ ಎಂದು ಅವರಿಗೆ ಅಂದೇ ತಿಳಿಯಿತು.

ಆಮೇಲೆ ಬಿಳಿ ಸಮವಸ್ತ್ರ ಬಂತು, ಟೊಪ್ಪಿಗೆ ಬಂತು. ಸೀಟುಗಳಿಗೆ ಬಿಳಿ ಬಟ್ಟೆಯ ಹೊದಿಕೆ ಹಾಕಿಸಿ, ಅದರ ಮೇಲೆ ನೊಣ ಕೂತರೂ ತಮ್ಮ ಮಾನ ಹೋದಂತೆ ಕೈಬೀಸುತ್ತಿದ್ದರು. ನೆರೆಯ ಮುದುಕಿಗೆ ಒಮ್ಮೆ ಜ್ವರ ನೆತ್ತಿಗೇರಿದಾಗ, "ಆಸ್ಪತ್ರೆಗೆ ಬಿಡಪ್ಪಾ, ಗಾಡಿ ಖಾಲಿ ತಾನೇ ನಿಂತಿದೆ," ಎಂದು ಮಗಳು ಬಂದು ಕೇಳಿದರೆ, "ಇದು ಗಾಡಿ ಅಲ್ಲಮ್ಮಾ, ಕಂಪನಿ ಕಾರು. ಇದಕ್ಕೆ ಒಂದು ಪದ್ಧತಿ ಇದೆ," ಎಂದು ಕಳಿಸಿಬಿಟ್ಟಿದ್ದರು. ಮುದುಕಿ ತಳ್ಳುಗಾಡಿಯ ಮೇಲೆ ಹೋಗಿ, ಗುಣವಾಗಿ ಬಂದು, ಸಾಯುವ ತನಕ ಇವರ ಮನೆಯ ಕಡೆ ಮುಖ ಹಾಕಲಿಲ್ಲ.

ಮನೆ ಇದ್ದದ್ದು ಕಾರ್ಖಾನೆಯ ಹಿಂಬದಿ ಗೋಡೆಗೆ ಅಂಟಿಕೊಂಡ ಓಣಿಯಲ್ಲಿ. ಎರಡು ಕೋಣೆ, ಒಂದು ಕಿಟಕಿ. ಆ ಕಿಟಕಿಯ ಬಳಿ ಹೊಲಿಗೆ ಯಂತ್ರ ಹಾಕಿಕೊಂಡು ಅವರ ಹೆಂಡತಿ ಓಣಿಯವರ ಬಟ್ಟೆಗಳನ್ನೆಲ್ಲ ಹೊಲಿಯುತ್ತಿದ್ದಳು. ಎಲ್ಲರಿಗೂ ಅವಳು ಹೊಲಿಗೆಯಕ್ಕ. ತಾಯಿ ಸತ್ತಾಗ ಮೊಣಕಾಲೆತ್ತರವಿದ್ದ ತಮ್ಮನನ್ನು ತಾನೇ ಸಾಕಿದವಳು. ಮದುವೆಯಾಗಿ ಬರುವಾಗ ಒಂದು ಕೈಯಲ್ಲಿ ಹೊಲಿಗೆ ಯಂತ್ರ, ಇನ್ನೊಂದು ಕೈಯಲ್ಲಿ ತಮ್ಮ. "ಎರಡೂ ಸದ್ದು ಮಾಡ್ತವೆ, ಎಣ್ಣೆ ಮಾತ್ರ ಯಂತ್ರಕ್ಕೆ ಬಿಡಬಹುದು," ಎಂದು ಅರ್ಧ ಸಾಹೇಬರು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಅವರಿಗೆ ಮಕ್ಕಳಾಗಲಿಲ್ಲ. ಇದ್ದವನು ಅವನೊಬ್ಬನೇ, ಅವನೋ ಯಾವಾಗಲೂ ಗೊಣಗುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ ಗೊಣಗು, ಕಡಿಮೆಯಾದರೆ ಗೊಣಗು, ಸರಿಯಾಗಿದ್ದರೆ 'ನಿನ್ನೆ ಯಾಕೆ ಹೀಗಿರಲಿಲ್ಲ' ಎಂದು ಗೊಣಗು. ಓಣಿಯವರು ಅವನನ್ನು ಗೊಣಗ ಎಂದೇ ಕರೆಯುತ್ತಿದ್ದರು.

ಗೊಣಗ ಕಾರ್ಖಾನೆಯ ಮೂರನೇ ಶೆಡ್ಡಿನಲ್ಲಿ ಆಪರೇಟರನಾಗಿದ್ದ. ಅಲ್ಲಿ ಹಲಗೆಗಳಿಗೆ ಹಾಕುವ ಅಂಟು ತಯಾರಾಗುತ್ತಿತ್ತು. ಮನೆಯಷ್ಟು ಎತ್ತರದ ಉಕ್ಕಿನ ಪಾತ್ರೆ, ಬಾಯಿ ಬಿಗಿದದ್ದು. ಒಳಗೆ ಎರಡು ಬಗೆಯ ದ್ರವಗಳನ್ನು ಬೆರೆಸಿದರೆ ಬೆಂಕಿಯ ಹಂಗಿಲ್ಲದೆ ಅದು ತಾನೇ ಕಾಯುತ್ತದೆ. ಕಾಯುವುದು ಮಿತಿ ಮೀರದಂತೆ ಪಾತ್ರೆಯ ಸುತ್ತ ತಣ್ಣೀರು ಹರಿಯುತ್ತಲೇ ಇರಬೇಕು. ನೀರನ್ನು ಓಡಿಸುವ ಪಂಪು ಹಳೆಯದು. ಓಡುವಷ್ಟು ಓಡಿ, ಮುನಿಸಿಕೊಂಡ ಸೊಸೆಯಂತೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಯಾರಾದರೂ ಹೋಗಿ ಒದ್ದರೆ ಮತ್ತೆ ಹೊರಡುತ್ತಿತ್ತು.

"ಇವತ್ತೂ ನಿಂತಿತ್ತು ಅಕ್ಕಾ," ಎಂದು ಗೊಣಗ ತಟ್ಟೆಯ ಮುಂದೆ ಕೂರುತ್ತಲೇ ಶುರು ಮಾಡುತ್ತಿದ್ದ. "ಪಾತ್ರೆ ಮೈ ಮುಟ್ಟೋ ಹಾಗಿರ್ಲಿಲ್ಲ. ಒಂದಿನ ಒದ್ರೂ ಏಳಲ್ಲ ಅದು. ಅವತ್ತು ಎಲ್ಲರೂ ಒಟ್ಟಿಗೇ ಮೇಲಕ್ಕೆ."

"ಊಟದ ಹೊತ್ನಲ್ಲಿ ಅಪಶಕುನ ಆಡಬೇಡ್ವೋ," ಎಂದು ಅಕ್ಕ ಗದರಿದರೆ, ಅರ್ಧ ಸಾಹೇಬರು ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸುತ್ತಿದ್ದರು. "ನೋಡೋ, ಪಂಪಿನ ವಿಷಯ ನಮಗೆ ಗೊತ್ತಿದೆ. ನಾವು ನೋಡ್ಕೊಳ್ತೀವಿ. ನೀನು ಹೋಗಿ ಅಲ್ಲಿ ಇಲ್ಲಿ ಬಾಯಿ ಬಡ್ಕೋಬೇಡ. ನಮ್ಮ ಮನೆಯವನು ಅಂತ ಅಲ್ಲಿ ಎಲ್ಲರಿಗೂ ಗೊತ್ತು, ನಮ್ಮ ಮುಖ ನೋಡು ಸ್ವಲ್ಪ."

ಗೊತ್ತಿದ್ದದ್ದೇನೋ ನಿಜ. ಕಾರಿನಲ್ಲಿ ಮ್ಯಾನೇಜರು ಫೋನಿನಲ್ಲಿ ಆಡಿದ ಮಾತೆಲ್ಲ ಮುಂದಿನ ಸೀಟಿಗೆ ಕೇಳಿಸುತ್ತಿತ್ತು. ಕೇಂದ್ರ ಕಚೇರಿಯಿಂದ ದೊಡ್ಡ ದೊಡ್ಡವರು ಕಾರ್ಖಾನೆ ನೋಡಲು ಬರುವವರಿದ್ದರು. "ಪಂಪು ಗಿಂಪು ಆಮೇಲೆ ನೋಡೋಣ. ಶೆಡ್ಡಿನ ಒಳಗೆ ಯಾರು ಹೋಗ್ತಾರೆ? ಬಂದವರ ಕಣ್ಣಿಗೆ ಮೊದಲು ಬೀಳೋದು ಮುಂಬಾಗಿಲು. ಅಲ್ಲೊಂದು ಕಾರಂಜಿ ಮಾಡ್ಸಿ," ಎಂದು ಮ್ಯಾನೇಜರು ಹೇಳಿದ್ದನ್ನು ಕೇಳಿ ಅರ್ಧ ಸಾಹೇಬರು ಕನ್ನಡಿಯಲ್ಲಿ ಕಾಣುವಂತೆ ತಲೆಯಾಡಿಸಿದ್ದರು. ಆ ದಿನ ಮನೆಗೆ ಬಂದು, "ಮುಂಬಾಗಿಲಲ್ಲಿ ನಾವೊಂದು ಕಾರಂಜಿ ಮಾಡಿಸ್ತಿದ್ದೀವಿ. ಬಣ್ಣದ ದೀಪ ಬೇರೆ," ಎಂದು ಸಾರಿದರು.

"ಕಾರಂಜಿಗೆ ನೀರು ಎತ್ತೋಕೆ?" ಎಂದ ಗೊಣಗ.

"ಹೊಸಾ ಪಂಪು. ಹೊರದೇಶದ್ದು."

ಗೊಣಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ. ಆಮೇಲೆ ಅಕ್ಕನ ಕಡೆ ತಿರುಗಿ, "ಅಕ್ಕಾ, ಮನೆಗೆ ಬೆಂಕಿ ಬಿದ್ರೆ ನಿನ್ನ ಗಂಡ ಮೊದಲು ಬಾಗಿಲಿಗೆ ಬಣ್ಣ ಹೊಡಿಸ್ತಾರೆ ನೋಡು," ಎಂದ. ಅರ್ಧ ಸಾಹೇಬರು ಮುನಿಸಿಕೊಂಡು ಎದ್ದುಹೋದರು. ಕಾರಂಜಿ ಕಟ್ಟಿ ಮುಗಿಯುವ ತನಕ ಭಾವ, ಭಾವಮೈದ ಮಾತು ಬಿಟ್ಟರು. ದೊಡ್ಡವರು ಬರುವ ದಿನ ಬೆಳಿಗ್ಗೆ ಗೊಣಗನೇ ಸೋತು, "ಹೋಗಿ ಬರ್ತೀನಿ ಭಾವ. ಕಾರಂಜಿ ಚೆನ್ನಾಗಿದೆ, ನೋಡ್ದೆ," ಎಂದು ಹೇಳಿ ಕೆಲಸಕ್ಕೆ ಹೋದ. ಅರ್ಧ ಸಾಹೇಬರು ಟೊಪ್ಪಿಗೆ ಸರಿಮಾಡಿಕೊಳ್ಳುತ್ತ 'ಹ್ಞೂಂ' ಅಂದರು.

ಬಿಸಿಲೇರುತ್ತಿದ್ದ ಹೊತ್ತು. ಅತಿಥಿಗಳನ್ನು ಎದುರುಗೊಳ್ಳಲು ಮ್ಯಾನೇಜರು ಕಾರು ಹತ್ತಿದರು. ಕಾರು ಕಾರಂಜಿಯನ್ನು ಬಳಸಿ ಮುಂಬಾಗಿಲು ದಾಟಿ ರಸ್ತೆಗೆ ಇಳಿದಿತ್ತಷ್ಟೆ. ಹಿಂದಿನಿಂದ ಯಾರೋ ಕಾರನ್ನು ಅಂಗೈಯಿಂದ ನೂಕಿದಂತಾಯಿತು. ಸದ್ದು ಆಮೇಲೆ ಬಂತು. ಅದು ಕಿವಿಗೆ ಕೇಳಿಸುವ ಸದ್ದಲ್ಲ, ಹೊಟ್ಟೆಯೊಳಗೆ ಬಡಿಯುವಂಥದ್ದು. ರಸ್ತೆಯ ಅಂಗಡಿಗಳ ಗಾಜುಗಳೆಲ್ಲ ಒಮ್ಮೆಲೇ ನೆಲಕ್ಕೆ ಸುರಿದವು. ಕನ್ನಡಿಯಲ್ಲಿ ನೋಡಿದರೆ ಮೂರನೇ ಶೆಡ್ಡು ಇದ್ದ ಜಾಗದಲ್ಲಿ ಶೆಡ್ಡಿಲ್ಲ, ಹಳದಿ ಹೊಗೆ ಎದ್ದು ನಿಂತಿತ್ತು. ತಗಡಿನ ಹಾಳೆಗಳು ಒಣಗಿದ ಎಲೆಗಳಂತೆ ಆಕಾಶದಲ್ಲಿ ತೇಲಿಕೊಂಡು ಬರುತ್ತಿದ್ದವು. ಕಾರಂಜಿ ಮಾತ್ರ ಏನೂ ಆಗದಂತೆ ಚಿಮ್ಮುತ್ತಲೇ ಇತ್ತು. ಪಂಪು ಒಳ್ಳೆಯದು.

"ನಡಿ! ನಡಿ! ನಿಲ್ಲಿಸಬೇಡ!" ಎಂದು ಮ್ಯಾನೇಜರು ಹಿಂದಿನಿಂದ ಕೂಗಿದರು. "ಗುಡ್ಡದ ಕಡೆ ತಿರುಗಿಸು! ಗಾಜು ಮೇಲೆತ್ತು!"

ಅರ್ಧ ಸಾಹೇಬರು ಗಾಜು ಮೇಲೆತ್ತಿದರು. ಕಾರನ್ನು ಗುಡ್ಡದ ಕಡೆಗೂ ತಿರುಗಿಸಿದರು. ಇದನ್ನು ಮುಚ್ಚಿಡುವುದು ಬೇಡ. ಅಷ್ಟರಲ್ಲಿ ಜನ ಬಾಗಿಲಿನಿಂದ ಹೊರಗೆ ಓಡಿಬರತೊಡಗಿದ್ದರು. ಕೆಲವರ ಮೈಮೇಲೆ ಬಟ್ಟೆಯಿರಲಿಲ್ಲ, ಬಟ್ಟೆಯೆಂದು ಕಂಡದ್ದು ಬಟ್ಟೆಯಾಗಿರಲಿಲ್ಲ. ಕೈಗಳು ಕಾರಿನ ಗಾಜಿಗೆ ಬಡಿದವು. ಕಸ ಗುಡಿಸುವ ಹೆಂಗಸು ಒಬ್ಬನ ಕಂಕುಳಿಗೆ ಕೈಕೊಟ್ಟು ಎಳೆದುಕೊಂಡು ರಸ್ತೆಯ ನಡುವೆ ನಿಂತಳು. ಆ ಗಂಡಸಿನ ಅಂಗಿ ನೀಲಿ. ಹೆಗಲ ಮೇಲೆ ಕಂದು ಬಣ್ಣದ ತೇಪೆ. ಹಿಂದಿನ ವಾರವಷ್ಟೇ ಹೊಲಿಗೆಯಕ್ಕ ತಮ್ಮನ ಅಂಗಿಗೆ ಹಾಕಿದ್ದ ತೇಪೆ ಅಂಥದ್ದೇ.

ಅರ್ಧ ಸಾಹೇಬರ ಕಾಲು ಬ್ರೇಕಿನ ಮೇಲೆ ಬಿತ್ತು.

"ಏನ್ಮಾಡ್ತಿದ್ದೀಯ? ತಲೆ ಕೆಟ್ಟಿದೆಯಾ?" ಎಂದು ಮ್ಯಾನೇಜರು ಚೀರುತ್ತಿದ್ದಂತೆ ಇವರು ಇಳಿದು ಓಡಿದರು. ಗಲ್ಲ ಹಿಡಿದು ಮುಖವೆತ್ತಿ ನೋಡಿದರು. ಅವನಲ್ಲ. ಯಾರೋ ಹಮಾಲಿ. ಓಣಿಯ ಅರ್ಧ ಜನಕ್ಕೆ ಹೊಲಿಗೆಯಕ್ಕನೇ ತೇಪೆ ಹಾಕುತ್ತಾಳೆ ಎಂಬುದು ಆ ಹೊತ್ತಿನಲ್ಲಿ ಎಲ್ಲಿ ನೆನಪಾಗಬೇಕು?

ಕಥೆ ಕಟ್ಟುವವರು ಇಲ್ಲಿ ಒಂದು ದೊಡ್ಡ ಮಾತು ಸೇರಿಸುತ್ತಾರೆ, ಅರ್ಧ ಸಾಹೇಬರ ಎದೆಯಲ್ಲಿ ಮನುಷ್ಯತ್ವ ಎದ್ದುನಿಂತಿತು ಅನ್ನುತ್ತಾರೆ. ನಡೆದದ್ದು ಅದಲ್ಲ. ಅವನಲ್ಲ ಎಂದು ತಿಳಿದು ಅವರು ಕಾರಿನ ಕಡೆ ತಿರುಗುವಷ್ಟರಲ್ಲಿ ಮುಂದಿನ ಸೀಟಿನಲ್ಲಿ ಇಬ್ಬರು ಕೂತಾಗಿತ್ತು. ಹಿಂದಿನ ಬಾಗಿಲು ತೆರೆದು ಇನ್ನೊಬ್ಬ ಗಾಯಾಳು ಮ್ಯಾನೇಜರ ತೊಡೆಯ ಮೇಲೇ ಒರಗಿದ್ದ. ಗುಡಿಸುವ ಹೆಂಗಸು ಹಮಾಲಿಯನ್ನು ಎಳೆದು ತಂದು, "ಇವನನ್ನ ಎಲ್ಲಿ ಮಲಗಿಸ್ಲಿ?" ಎಂದು ಇವರನ್ನು ಕೇಳಿದಳು, ಮನೆಗೆ ಸಾಮಾನು ತಂದವರು ಕೇಳುವಂತೆ. ಅರ್ಧ ಸಾಹೇಬರು ಕಾರಿನೊಳಗೆ ನೋಡಿದರು. ಅಲ್ಲಿ ಆರೋಗ್ಯವಾಗಿ ಕೂತಿದ್ದವರು ಒಬ್ಬರೇ.

"ಸರ್, ಇಳೀರಿ," ಎಂದರು.

"ಏನಂದೆ?"

"ಜಾಗ ಸಾಲದು ಸರ್. ಸ್ವಲ್ಪ ಇಳೀರಿ."

ಮ್ಯಾನೇಜರು ಇಳಿದರೋ, ಒಳಗಿದ್ದವರ ನೂಕಿಗೆ ಹೊರಬಂದರೋ, ಅದನ್ನು ನೋಡುತ್ತ ನಿಲ್ಲಲು ಯಾರಿಗೂ ಪುರುಸೊತ್ತಿರಲಿಲ್ಲ. ಕಾರು ಹೊರಟಾಗ ಅವರು ರಸ್ತೆಯ ಅಂಚಿನಲ್ಲಿ ಕೈಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಆಮೇಲೆ ಗುಡ್ಡದ ಕಡೆಗೆ ನಡೆದುಹೋದರಂತೆ. ಬಂಗಲೆಗೆ ನಡೆದು ಹೋದದ್ದು ಅದೇ ಮೊದಲು, ದಾರಿಯಲ್ಲಿ ಎರಡು ಕಡೆ ಕೂತರಂತೆ.

ಅರ್ಧ ಸಾಹೇಬರು ಆಸ್ಪತ್ರೆಗೂ ಕಾರ್ಖಾನೆಗೂ ನಡುವೆ ಎಷ್ಟು ಸಲ ಓಡಾಡಿದರೋ ಅವರಿಗೇ ತಿಳಿಯದು. ಪ್ರತಿ ಸಲವೂ ಮುಂಬಾಗಿಲಲ್ಲಿ ಇಳಿದು, "ಗೊಣಗನ್ನ ನೋಡಿದ್ರಾ? ಮೂರನೇ ಶೆಡ್ಡಿನ ಗೊಣಗ?" ಎಂದು ಕೇಳುವುದು, ಯಾರೂ ಉತ್ತರ ಕೊಡದಿದ್ದರೆ ಕೈಗೆ ಸಿಕ್ಕವರನ್ನು ತುಂಬಿಕೊಂಡು ಹೊರಡುವುದು. ಬಿಳಿ ಹೊದಿಕೆ ಯಾವ ಬಣ್ಣವಾಯಿತೆಂದು ಅವರು ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ಕೆಮ್ಮಿದರು. ವರ್ಷಗಟ್ಟಲೆ ನುಂಗಿದ್ದ ಕೆಮ್ಮೆಲ್ಲ ಅಂದು ಹೊರಗೆ ಬಂತು.

ಸಂಜೆ ಹೊಲಿಗೆಯಕ್ಕ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ತಮ್ಮನನ್ನು ಗುರುತಿಸಿದಳು. ಮುಖದಿಂದಲ್ಲ. ಉಳಿದಿದ್ದ ಒಂದಿಷ್ಟು ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು, ಕಾಲರಿನ ಒಳಹೊಲಿಗೆಯನ್ನು ಉಗುರಿನಿಂದ ಸವರಿ, "ನಂದೇ," ಎಂದಳು. ಅಷ್ಟೇ ಹೇಳಿದ್ದು. ಪಕ್ಕದಲ್ಲಿ ನಿಂತಿದ್ದ ಗಂಡ ಅವಳ ಹೆಗಲು ಮುಟ್ಟಲು ಕೈಚಾಚಿದರೆ, ಅವಳು ಆ ಕೈಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕೆ ಇಟ್ಟಳು, ಮೇಜಿನ ಮೇಲಿನ ಕತ್ತರಿಯನ್ನು ಸರಿಸಿದಂತೆ.

ಸತ್ತವರನ್ನು ಮಣ್ಣು ಮಾಡಿ ಮುಗಿಯುವ ಮೊದಲೇ ಪತ್ರಿಕೆಯಲ್ಲಿ ಮ್ಯಾನೇಜರ ಫೋಟೋ ಬಂತು. ತಮ್ಮ ಸ್ವಂತ ಕಾರನ್ನೇ ಗಾಯಾಳುಗಳಿಗೆ ಬಿಟ್ಟುಕೊಟ್ಟು, ತಾವು ಕಾಲ್ನಡಿಗೆಯಲ್ಲಿ ಹೋದ ಹೃದಯವಂತ ಎಂದು ಬರೆದಿದ್ದರು. ಅದೇ ಪುಟದ ಕೆಳಗಡೆ ಕಂಪನಿಯ ಹೇಳಿಕೆ: ದುರಂತಕ್ಕೆ ಮೂರನೇ ಶೆಡ್ಡಿನ ಆಪರೇಟರನ ಅಜಾಗರೂಕತೆ ಕಾರಣವೆಂದು ಮೇಲ್ನೋಟಕ್ಕೆ ಕಂಡುಬಂದಿದೆ. ಸತ್ತವನಿಗೆ ಬಾಯಿಲ್ಲ, ಅದಕ್ಕೇ ಸತ್ತವನ ತಲೆಗೆ ಕಟ್ಟುವುದು ಎಲ್ಲಕ್ಕಿಂತ ಸುಲಭ. ಅದರಲ್ಲೂ ಬದುಕಿದ್ದಾಗ ಅಷ್ಟು ಬಾಯಿ ಮಾಡಿದವನು ಸಿಕ್ಕರೆ ಇನ್ನೂ ಒಳ್ಳೆಯದು.

ಕೆಲವು ದಿನ ಕಳೆದು ಮ್ಯಾನೇಜರು ಅರ್ಧ ಸಾಹೇಬರನ್ನು ಒಳಕ್ಕೆ ಕರೆಸಿದರು. ಮೊದಲ ಸಲ "ಕೂತ್ಕೋ," ಎಂದರು.

"ಆವತ್ತು ಗಾಬರಿಯಲ್ಲಿ ಏನೇನೋ ಆಯ್ತು, ಬಿಡು. ನಾನೇ ಇಳಿದೆ, ನೀನು ನನ್ನ ಅಪ್ಪಣೆ ಪ್ರಕಾರ ಜನರನ್ನ ಸಾಗಿಸಿದೆ. ಅಲ್ವಾ?"

"ಹೌದು ಸರ್," ಎಂದರು ಅರ್ಧ ಸಾಹೇಬರು. ಬಾಯಿಗೆ ಅಭ್ಯಾಸವಾಗಿತ್ತು.

"ವಿಚಾರಣೆ ನಡೆಯುತ್ತೆ. ನಿನ್ನನ್ನೂ ಕರೀತಾರೆ. ಕಾರಿನಲ್ಲಿ ನಾವಾಡೋ ಮಾತು ಹೊರಗೆ ಹೋಗಬಾರದು ಅನ್ನೋದು ನಿನಗೆ ಹೇಳಿಕೊಡಬೇಕಾಗಿಲ್ಲ. ಇನ್ನು ಮೇಲೆ ನೀನು ಕಾರು ಓಡಿಸೋದೂ ಬೇಡ. ವಾಹನ ವಿಭಾಗದ ಮೇಲ್ವಿಚಾರಕ. ಸ್ವಂತ ಕೋಣೆ, ಕುರ್ಚಿ. ಆ ಹುಡುಗ ನಿನ್ನ ಸಂಬಂಧಿ ಅಂತ ಕೇಳ್ದೆ. ಪಾಪ."

ಕಂಪನಿಯಲ್ಲಿದ್ದದ್ದು ಒಂದು ಕಾರು, ಕೆಲವು ಹಳೆಯ ಲಾರಿ. ಅದಕ್ಕೊಂದು ವಿಭಾಗ, ವಿಭಾಗಕ್ಕೊಬ್ಬ ಮೇಲ್ವಿಚಾರಕ! ಆದರೂ ಹೊಸ ಕೋಣೆಗೆ ಕಾಲಿಟ್ಟೊಡನೆ ಅರ್ಧ ಸಾಹೇಬರ ಕಣ್ಣು ಕುರ್ಚಿಯ ಮೇಲೆ ಬಿತ್ತು. ಚಕ್ರವಿದ್ದ ಕುರ್ಚಿ, ತಿರುಗುತ್ತಿತ್ತು. ಮನುಷ್ಯ ಎಷ್ಟು ಅಲ್ಪನೆಂದರೆ, ಮನೆಯಲ್ಲಿ ಸೂತಕದ ಮೌನವಿದ್ದರೂ ಅವರು ಅದರಲ್ಲಿ ಕೂತು, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ಒಂದು ಸುತ್ತು ತಿರುಗಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದರು. ಹೇಗೆ ಹೇಳಿದರೂ ಆ ಮಾತು ನೆಟ್ಟಗೆ ನಿಲ್ಲಲಿಲ್ಲ. ಹೊಲಿಗೆಯಕ್ಕ ಯಂತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ. ಹೊಲಿಗೆಯ ಸಾಲು ಮುಗಿದ ಮೇಲೆ ಹಲ್ಲಿನಿಂದ ದಾರ ಕಚ್ಚಿ ತುಂಡರಿಸಿ ಕೇಳಿದಳು:

"ಚಕ್ರ ಇದೆ ಅಂದ್ರಲ್ಲಾ, ಆ ಕುರ್ಚೀಗೆ?"

"ಹ್ಞೂಂ."

"ಹುಷಾರಾಗಿ ಕೂತ್ಕೊಳ್ಳಿ. ನನ್ನ ತಮ್ಮನ ಹೆಣದ ಮೇಲೆ ಹಾಕಿರೋ ಕುರ್ಚಿ, ಜಾರೀತು."

ಅಂದಿನಿಂದ ಆ ಮನೆಯಲ್ಲಿ ಮಾತೆಂಬುದು 'ಊಟ ಇಟ್ಟಿದೆ', 'ಬಾಗಿಲು ಹಾಕಿ' ಎಂಬಷ್ಟಕ್ಕೆ ಇಳಿಯಿತು. ಅರ್ಧ ಸಾಹೇಬರು ಬೆಳಿಗ್ಗೆ ಹೋಗಿ ಕುರ್ಚಿಯಲ್ಲಿ ಕೂರುವರು. ಮಾಡಲು ಕೆಲಸವಿಲ್ಲ. ಎದುರಿನ ಕಿಟಕಿಯಿಂದ ಕಾಣುವುದು ಸುಟ್ಟು ಕರಕಲಾದ ಉಕ್ಕಿನ ಕಂಬಗಳು, ಅವುಗಳ ಆಚೆ ತಮ್ಮದೇ ಓಣಿಯ ಬಿರುಕು ಬಿಟ್ಟ ಗೋಡೆಗಳು. ಆ ನೋಟ ತಪ್ಪಿಸಲು ಕುರ್ಚಿಯನ್ನು ತಿರುಗಿಸಿದರೆ ಗೋಡೆಯ ಮೇಲೆ ಪತ್ರಿಕೆಯ ಆ ಫೋಟೋ, ಚೌಕಟ್ಟು ಹಾಕಿಸಿದ್ದು. ತಿರುಗುವ ಕುರ್ಚಿಯಿದ್ದೂ ತಿರುಗಲು ದಿಕ್ಕಿಲ್ಲ.

ಒಂದು ದಿನ ಕ್ಷೌರಕ್ಕೆ ಹೋದರು. ಅಂಗಡಿಯಲ್ಲಿ ಮಾತಾಡುತ್ತಿದ್ದವರು ಮುಖ ತಿರುಗಿಸಿಕೊಂಡರು. ಕ್ಷೌರಿಕ ಬಟ್ಟೆ ಕೊಡವಿ, ತಲೆಬಾಗಿ, "ಬನ್ನಿ ಬನ್ನಿ, ಪೂರ್ತಿ ಸಾಹೇಬರು ಬನ್ನಿ," ಎಂದ. ಯಾರೂ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಅರ್ಧ ಸಾಹೇಬರು ಕುರ್ಚಿಯಲ್ಲಿ ಕೂತವರು ಅರ್ಧ ಗಡ್ಡ ಕೆರೆಸಿಕೊಂಡು ಹಾಗೆಯೇ ಎದ್ದು ಬಂದುಬಿಟ್ಟರು.

ವಿಚಾರಣೆ ಊರಿನ ಶಾಲೆಯಲ್ಲಿ ನಡೆಯಿತು. ಕೂರಲು ಮಕ್ಕಳ ಬೆಂಚು. ವಿಚಾರಣೆ ಮಾಡಲು ಬಂದವರು ನಿವೃತ್ತಿಯ ಅಂಚಿನಲ್ಲಿದ್ದ ಅಧಿಕಾರಿ. ಊಟದ ಮೊದಲು ಆಕಳಿಸುತ್ತ, ಊಟದ ನಂತರ ತೂಕಡಿಸುತ್ತ ನ್ಯಾಯ ಕೇಳುತ್ತಿದ್ದರು. ಮ್ಯಾನೇಜರು ಎದ್ದುನಿಂತು ತಮ್ಮ ದುಃಖವನ್ನು ಸ್ಪಷ್ಟ ಉಚ್ಚಾರಣೆಯಲ್ಲಿ ಓದಿದರು. ಕಂಪನಿಯ ವಕೀಲರು ಆಪರೇಟರನ ಅಜಾಗರೂಕತೆಯನ್ನು ವಿವರಿಸಿದರು. ಆಮೇಲೆ ಅರ್ಧ ಸಾಹೇಬರನ್ನು ಕರೆದರು. ಕೊನೆಯ ಬೆಂಚಿನಲ್ಲಿ ಹೊಲಿಗೆಯಕ್ಕ ಕೂತಿದ್ದಳು. ಗಂಡನನ್ನು ನೋಡಲಿಲ್ಲ, ಬೆಂಚಿನ ಮೇಲೆ ಯಾವುದೋ ಮಗು ಕೆತ್ತಿದ್ದ ಗೀಟನ್ನು ಬೆರಳಿನಿಂದ ತಿದ್ದುತ್ತಿದ್ದಳು.

"ನಿನಗೆ ಗೊತ್ತಿರೋದು ಹೇಳಪ್ಪಾ," ಎಂದರು ಅಧಿಕಾರಿ.

ಅರ್ಧ ಸಾಹೇಬರು ಗಂಟಲು ಸರಿಮಾಡಿಕೊಂಡರು. ಒಪ್ಪಿಸಬೇಕಾದ ಪಾಠ ಬಾಯಿಗೆ ಬರುವುದರಲ್ಲಿತ್ತು. ಆದರೆ ದೊಡ್ಡವರ ಮುಂದೆ ಮಾತಾಡಬೇಕಾದಾಗ ಅವರ ನಾಲಿಗೆ ಹಿಡಿಯುವ ದಾರಿ ಒಂದೇ.

"ನಾವು ಪಂಪು ಬೇಡ ಅಂತ ತೀರ್ಮಾನ ಮಾಡಿದ್ವಿ ಸರ್," ಎಂದುಬಿಟ್ಟರು.

ಅಧಿಕಾರಿಗಳ ಆಕಳಿಕೆ ಅರ್ಧಕ್ಕೆ ನಿಂತಿತು. "ನಾವು ಅಂದ್ರೆ ಯಾರು?"

"ಸಾಹೇಬರು ಮತ್ತು ನಾನು."

"ನೀನು ಡ್ರೈವರ್ ಅಲ್ವೇನಯ್ಯಾ?"

"ಹೌದು ಸರ್. ಸಾಹೇಬರು ಫೋನಿನಲ್ಲಿ ತೀರ್ಮಾನ ಮಾಡಿದ್ರು. ನಾನು ಕನ್ನಡಿಯಲ್ಲಿ ತಲೆ ಆಡಿಸ್ದೆ." ಈಗ ಮಾತು ಇಳಿಜಾರಿಗೆ ಬಿದ್ದ ಲಾರಿಯಂತೆ ತಾನೇ ಓಡತೊಡಗಿತು. "ಪಂಪು ಆಮೇಲೆ, ಮೊದಲು ಕಾರಂಜಿ ಅಂದ್ರು. ನನಗೂ ಸರಿ ಅನ್ನಿಸ್ತು. ಮನೆಗೆ ಬಂದು ಹೆಮ್ಮೆಯಿಂದ ಹೇಳ್ದೆ. ನನ್ನ ಭಾವಮೈದ ಪಂಪು ಕೆಟ್ಟಿದೆ ಅಂತ ದಿನಾ ಬಡ್ಕೊಳ್ತಿದ್ದ, ಬಾಯಿ ಮುಚ್ಚೋ ಅಂದೋನೂ ನಾನೇ."

ವಕೀಲರು ಎದ್ದರು. "ಸ್ವಾಮಿ, ಈತನಿಗೆ ಯಂತ್ರದ ಗಂಧಗಾಳಿ ಇಲ್ಲ. ಏನಯ್ಯಾ, ಪಂಪಿನ ಬಗ್ಗೆ ನಿನಗೇನು ಗೊತ್ತು?"

"ಏನೂ ಗೊತ್ತಿಲ್ಲ ಸರ್. ಗೊತ್ತಿದ್ದೋನು ಸತ್ತ."

"ನಿನ್ನ ಸಾಹೇಬರು ತಮ್ಮ ಕಾರನ್ನ ಬಿಟ್ಟುಕೊಟ್ಟಿದ್ದಾದರೂ ನಿಜ ತಾನೇ?"

"ಬಿಟ್ಟುಕೊಟ್ಟಿದ್ದು ನಿಜ," ಎಂದು ಅರ್ಧ ಸಾಹೇಬರು ಸ್ವಲ್ಪ ಯೋಚಿಸಿ ಹೇಳಿದರು. "ನಾನು ಇಳೀರಿ ಅಂದ ಮೇಲೆ. ಅದಕ್ಕೂ ಮುಂಚೆ ನಡಿ ನಡಿ ಅಂತಿದ್ರು. ನಾನೂ ಹೊರಟಿದ್ದೆ ಸರ್, ಸುಳ್ಳು ಹೇಳಲ್ಲ. ನಮ್ಮ ಹುಡುಗ ಅಂದ್ಕೊಂಡು ನಿಲ್ಲಿಸ್ದೆ, ಬೇರೆ ಯಾರೋ ಹತ್ತಿದ್ರು."

ಹಿಂದಿನ ಬೆಂಚುಗಳಲ್ಲಿ ಗದ್ದಲ ಎದ್ದಿತು. ಮ್ಯಾನೇಜರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಹೊಲಿಗೆಯಕ್ಕ ತಲೆಯೆತ್ತಿ ಗಂಡನನ್ನು ನೋಡಿದಳು. ಆ ನೋಟದಲ್ಲಿ ಕ್ಷಮೆಯಿತ್ತೆಂದರೆ ತಪ್ಪಾಗುತ್ತದೆ. ಬಹಳ ದಿನಗಳ ಮೇಲೆ ನೋಡಿದಳು, ಅಷ್ಟೇ.

ವರದಿ ಬರುವಾಗ ಬಂತು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತಿತ್ತು. ತಾಂತ್ರಿಕ ಕಾರಣಗಳಿಂದ ಸಂಭವಿಸಿದ ದುರಂತ, ಮುಂದೆ ಹೀಗಾಗದಂತೆ ಸಂಬಂಧಪಟ್ಟವರು ಎಚ್ಚರ ವಹಿಸತಕ್ಕದ್ದು. ಸಂಬಂಧಪಟ್ಟವರು ಯಾರೆಂದು ಬರೆದಿರಲಿಲ್ಲ. ಮ್ಯಾನೇಜರನ್ನು ಶಿಕ್ಷೆಯಾಗಿ ಇನ್ನೂ ದೊಡ್ಡ ಊರಿನ ಇನ್ನೂ ದೊಡ್ಡ ಕಾರ್ಖಾನೆಗೆ ಕಳಿಸಿದರು. ಆದರೆ ಆಪರೇಟರನ ಅಜಾಗರೂಕತೆ ಎಂಬ ಮಾತು ಮಾತ್ರ ವರದಿಯಲ್ಲಿ ಎಲ್ಲೂ ಇರಲಿಲ್ಲ. ಓಣಿಯ ಮೇಷ್ಟರು ಅದನ್ನು ಎರಡೆರಡು ಸಲ ಓದಿ ಹೊಲಿಗೆಯಕ್ಕನಿಗೆ ಖಾತ್ರಿ ಮಾಡಿಕೊಟ್ಟರು.

ವಾಹನ ವಿಭಾಗ ಹುಟ್ಟಿದಷ್ಟೇ ಸಲೀಸಾಗಿ ಸತ್ತುಹೋಯಿತು. ವಿಭಾಗವೇ ಇಲ್ಲದ ಮೇಲೆ ಮೇಲ್ವಿಚಾರಕ ಎಲ್ಲಿಂದ ಬರಬೇಕು? ಅರ್ಧ ಸಾಹೇಬರು ಒಂದು ಬೇಕರಿಯ ವ್ಯಾನು ಓಡಿಸಲು ಸೇರಿದರು. ಹಿಂದೆ ಬ್ರೆಡ್ಡು, ಮುಂದೆ ಇವರು. ಬೇಕರಿಯ ಮಾಲೀಕ ಕಾಗುಣಿತ ಬಾರದವನು, ಕೂಗಿ ಬೈಯುವವನು, ಬೈದು ಮರೆಯುವವನು. "ಈ ಸಲ ಬನ್ನಿಗೆ ಸಕ್ಕರೆ ಕಡಿಮೆ ಮಾಡೋಣ ಅಂತಿದ್ದೀವಿ," ಎಂದು ಇವರು ಅಂಗಡಿಯೊಂದರಲ್ಲಿ ಹೇಳುತ್ತಿದ್ದುದು ಒಮ್ಮೆ ಅವನ ಕಿವಿಗೆ ಬಿದ್ದು, ರಸ್ತೆಯಲ್ಲೇ ಮೈಚಳಿ ಬಿಡಿಸಿದ. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ!

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಕುಂಟುತ್ತ ಒಬ್ಬ ಗಂಡಸು ಅವರ ಮನೆ ಹುಡುಕಿಕೊಂಡು ಬಂದ. ಕತ್ತಿನಿಂದ ಕಿವಿಯ ತನಕ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಆವತ್ತು ರಸ್ತೆಯ ನಡುವೆ ಸಿಕ್ಕಿದ್ದ, ತೇಪೆ ಅಂಗಿಯ ಹಮಾಲಿ. ಇಷ್ಟು ದಿನ ದೂರದ ಆಸ್ಪತ್ರೆಯಲ್ಲಿದ್ದನಂತೆ. ಹೊಲಿಗೆಯಕ್ಕ ಮಣೆ ತೋರಿಸಿದಳು. ಅವನು ಕೂತು, ಕೃತಜ್ಞತೆಯ ಮಾತಿನ ಬದಲು ದೂರು ಹೇಳಿದ.

"ಆವತ್ತು ಏನ್ ಹಂಗೆ ಓಡಿಸ್ತಿದ್ರೀ ನೀವು? ಒಂದೊಂದು ಗುಂಡಿಗೂ ನನ್ನ ತಲೆ ಬಾಗಿಲಿಗೆ ಬಡೀತಿತ್ತು. ಸುಟ್ಟಿದ್ದು ವಾಸಿ ಆಯ್ತು, ತಲೆನೋವು ಹೋಗಿಲ್ಲ."

ಅರ್ಧ ಸಾಹೇಬರು ಕೆರಳಿದರು. "ಲೋ, ನನ್ನ ಡ್ರೈವಿಂಗ್ ಬಗ್ಗೆ ಯಾರೂ ಇದುವರೆಗೆ ಹೀಗಂದಿಲ್ಲ! ರಸ್ತೆ ತುಂಬ ತಗಡು ಬಿದ್ದಿತ್ತು, ಹಾರಿಸ್ಕೊಂಡು ಹೋಗ್ಬೇಕಿತ್ತಾ?"

"ಮೆಲ್ಲಗೆ ಹೋಗ್ಬಹುದಿತ್ತು."

"ಮೆಲ್ಲಗೆ ಹೋಗಿದ್ರೆ ನೀನಿವತ್ತು ಇಲ್ಲಿ ಕೂತು ದೂರು ಹೇಳ್ತಿದ್ಯಾ?"

ಹಮಾಲಿ ಹೊಲಿಗೆಯಕ್ಕನ ಕಡೆ ತಿರುಗಿ, ತಾನು ಬಂದ ವಿಷಯ ಎತ್ತಿದ. "ಅಕ್ಕಾ, ನಾನೂ ಮೂರನೇ ಶೆಡ್ಡಿಗೆ ಪೀಪಾಯಿ ಹಾಕ್ತಿದ್ದೆ. ಆವತ್ತು ನಿಮ್ಮ ತಮ್ಮನ ಜೊತೆ ಇದ್ದೋನು ನಾನೇ. ಪಂಪು ನಿಂತ್ಹೋಯ್ತು, ಎಷ್ಟು ಒದ್ರೂ ಏಳ್ಲಿಲ್ಲ. ನಾವು ಬಾಯಿ ಬಿಟ್ಕೊಂಡು ನೋಡ್ತಾ ನಿಂತಿದ್ವಿ. ಅವನು ಒಬ್ಬೊಬ್ಬರ ಕುತ್ತಿಗೆ ಪಟ್ಟಿ ಹಿಡಿದು ಹೊರಗೆ ತಳ್ಳಿದ. ತಳ್ತಾ ತಳ್ತಾ ಬೈತಿದ್ದ. ನನ್ನನ್ನ ಕೊನೇಗೆ ತಳ್ಳಿ, ಒಳಗೆ ಇನ್ನೂ ಯಾರೋ ಇದ್ದಾರೆ ಅಂತ ತಿರುಗ್ದ."

ಯಂತ್ರದ ಮೇಲಿದ್ದ ಹೊಲಿಗೆಯಕ್ಕನ ಕೈ ಅಲ್ಲೇ ನಿಂತಿತು. ಅವಳು ಕೇಳಿದಳು, "ಏನಂತ ಬೈದ?"

"ಅದು... ಬಿಡಿ ಅಕ್ಕಾ."

"ಹೇಳೋ. ಹೇಗೆ ಬೈದ್ನೋ ಹಾಗೇ ಹೇಳು."

ಹಮಾಲಿ ಸಂಕೋಚದಿಂದ ತಲೆ ಕೆರೆದುಕೊಂಡ. "'ಹೊರಡ್ರೋ ಕತ್ತೆಗಳಾ, ಇದೇನು ನಿಮ್ಮತ್ತೆ ಮನೇನಾ, ನಿಂತ್ಕೊಂಡು ನೋಡೋಕೆ! ಹೇಳ್ದಾಗ ಒಬ್ಬನೂ ಕೇಳ್ಲಿಲ್ಲ, ಈಗ ನೋಡೋಕೆ ಬಂದ್ರು!' ಅಂದ."

ಹೊಲಿಗೆಯಕ್ಕನ ಮುಖ ಮೊದಲು ಸೊಟ್ಟಗಾಯಿತು. ಅಳುತ್ತಾಳೆ ಅಂದುಕೊಂಡರೆ ಅವಳು ನಕ್ಕಳು. ಬಾಯಿಗೆ ಬಟ್ಟೆಯ ಚೂರು ಒತ್ತಿ ಹಿಡಿದು, ಭುಜ ಕುಲುಕಿಸಿ ನಕ್ಕಳು. ನಗುತ್ತ ನಗುತ್ತಲೇ ಕಣ್ಣಿನಿಂದ ನೀರು ಧಾರಾಕಾರ ಇಳಿಯಿತು. "ಅವನೇ," ಎಂದಳು. "ಅವನೇ ಕಣೋ. ಇನ್ನೊಂದ್ಸಲ ಹೇಳು."

ಹಮಾಲಿ ಇನ್ನೊಂದು ಸಲ ಹೇಳಿದ, ಈ ಸಲ ಸ್ವಲ್ಪ ಧೈರ್ಯವಾಗಿ, ಗೊಣಗನ ದನಿಯಲ್ಲೇ. ಅರ್ಧ ಸಾಹೇಬರಿಗೆ ಅಲ್ಲಿ ಕೂರಲಾಗಲಿಲ್ಲ. ಬಂದವರಿಗೆ ಚಹಾ ಮಾಡಬೇಕೆಂದು ಒಳಗೆ ಹೋದರು. ಅವಳನ್ನು ಏಳಿಸುವ ಹಾಗಿರಲಿಲ್ಲ, ಇವರಿಗೋ ಆ ಅಡಿಗೆಮನೆಯಲ್ಲಿ ಯಾವುದು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಒಲೆಯ ಮೇಲೆ ಅವರಿಟ್ಟ ನೀರು ಕುದಿಯುತ್ತಿತ್ತು. ಅವರು ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿ ನೋಡುತ್ತ, ಆಗಾಗ ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳುತ್ತ, ಚಹಾಪುಡಿ ಹುಡುಕುತ್ತಿದ್ದರು.